ನೀಲಿ ಕಾಗದದ ಗುರುತು

ಟೀಚರ್ ಬಾಯಿ ತೆರೆದಾಗಲೆಲ್ಲ ಅವರ ಹಲ್ಲು ಕಟಕ್ ಎನ್ನುವುದು ಆ ಕೋಣೆಯಲ್ಲಿದ್ದ ಐವರಿಗೂ ಕೇಳಿಸುತ್ತಿತ್ತು. ಯಾಕೆ ಎನ್ನುತ್ತದೆ ಎಂದು ಗೊತ್ತಿದ್ದವನು ಮಾತ್ರ ಹಲ್ಲುಮೇಸ್ತ್ರಿ ಒಬ್ಬನೇ. ಕಟ್ಟುಹಲ್ಲಿನ ಕೆಳಗಿನ ಸೆಟ್ಟು ವಾಲುತ್ತಿದೆ, ಪಾಪ, ಊಟಕ್ಕೆ ಕೂತರೆ ಪ್ರಾಣ ಹೋಗುತ್ತಿರಬೇಕು ಎಂದುಕೊಳ್ಳುತ್ತ ಅವನು ಮೊದಲ ಮಂಗಳವಾರ ಕಳೆದಿದ್ದ. ಆವತ್ತು ಟೀಚರ್ ದೇವರು ಲೋಕವನ್ನು ಶೂನ್ಯದಿಂದ ಸೃಷ್ಟಿಸಿದ ವಿಷಯ ಹೇಳಿದ್ದರಂತೆ. ಅವನ ತಲೆಗೆ ಹೋದದ್ದು ಅರ್ಧ.

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಅವನು ಬೊಕ್ಕಬಾಯಿಯವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದ. ಹೆಂಡತಿ ಹುಟ್ಟಾ ಕಥೋಲಿಕಳು. ಅವಳು ಬದುಕಿದ್ದಷ್ಟು ದಿನ ಭಾನುವಾರ ಅವಳನ್ನು ಚರ್ಚಿನ ಮೆಟ್ಟಿಲವರೆಗೆ ಬಿಟ್ಟು, ಹೊರಗೆ ಪೇಪರು ಓದುತ್ತ ಕೂರುತ್ತಿದ್ದ. ಅವಳು ಹೋದ ಮೇಲೂ ಕಾಲು ತಾನಾಗಿ ಅಲ್ಲಿಗೇ ಬಂತು. ಪೇಪರು ಮಾತ್ರ ಓದಲಾಗಲಿಲ್ಲ. ಎರಡು ವರ್ಷ ಹೀಗೆ ಮೆಟ್ಟಿಲು ಸವೆಸಿ, ಒಂದು ದಿನ ಒಳಗೆ ಹೋಗಿ ಅವಳು ಕೂರುತ್ತಿದ್ದ ಬೆಂಚಿನಲ್ಲಿ ಕುಳಿತ. ಜ್ಞಾನಸ್ನಾನ ಪಡೆದು ಕ್ರೈಸ್ತರಾಗಬೇಕೆನ್ನುವ ದೊಡ್ಡವರಿಗೆಂದು ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯುವ ಪಾಠಕ್ಕೆ ಹೆಸರು ಕೊಟ್ಟ.

ಪಾಠ ಹೇಳುವವರು ನಿವೃತ್ತ ಲೆಕ್ಕದ ಟೀಚರು, ಎಪ್ಪತ್ತರ ಹತ್ತಿರ. ಏನೇನು ನಂಬುತ್ತೇವೆಂದು ಚರ್ಚಿನಲ್ಲಿ ಎಲ್ಲರೂ ಹೇಳುವ ವಿಶ್ವಾಸ ಪ್ರಮಾಣವನ್ನು ವಾರಕ್ಕೊಂದೊಂದು ಸಾಲಿನಂತೆ ಬಿಡಿಸುತ್ತಿದ್ದರು. ಅವರ ಕೈಗೆ ಸಿಕ್ಕವರಲ್ಲಿ ಬಾಯಿ ಮುಚ್ಚದವನೆಂದರೆ ಬಸ್ ಡ್ರೈವರು.

"ಟೀಚರ್, ತಂದೆ, ಮಗ, ಪವಿತ್ರಾತ್ಮ. ಮೂರು. ಆಮೇಲೆ ನೀವೇ ದೇವರು ಒಬ್ಬರೇ ಅಂತೀರಿ. ನೀವು ಬೇರೆ ಲೆಕ್ಕದ ಟೀಚರು."

"ಅದಕ್ಕೇ ಈ ಪಾಠ ನನ್ನ ತಲೆಗೆ ಕಟ್ಟಿದಾರೆ," ಎಂದರು ಟೀಚರ್. "ದೇವರು ಒಬ್ಬರೇ. ಆದರೆ ಒಂಟಿಯಲ್ಲ. ಸದ್ಯಕ್ಕೆ ಇಷ್ಟು ಇಟ್ಕೋ. ಉಳಿದದ್ದನ್ನ ಸ್ವರ್ಗದಲ್ಲಿ ಕೇಳು, ಅಲ್ಲಿ ಪುರುಸೊತ್ತಿರುತ್ತೆ."

ಒಬ್ಬರೇ, ಆದರೆ ಒಂಟಿಯಲ್ಲ. ಮೇಸ್ತ್ರಿ ಆ ಮಾತನ್ನು ಮನೆಗೆ ಒಯ್ದ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಆ ಮಾತು ಒಂದು ವಾರ ಅವನಿಗೆ ಜೊತೆಯಾಯಿತು.

ದೇವರು ಮನುಷ್ಯನಾಗಿ ಹುಟ್ಟಿದ್ದು, ಶಿಲುಬೆ, ಮೂರನೆಯ ದಿನ, ಎಲ್ಲ ಒಂದೊಂದಾಗಿ ಒಳಗಿಳಿದವು. ಕೆಲವು ಸುಲಭವಾಗಿ, ಕೆಲವು ಗಂಟಲಲ್ಲಿ ಸಿಕ್ಕಿಕೊಂಡು. ಮೇಸ್ತ್ರಿ ನಿಂತುಹೋದದ್ದು ಕೊನೆಗೆ ಬಂದಾಗ. ಟೀಚರ್ ಅವನಿಗೆ ಓದಲು ಹೇಳಿದ್ದರು. ಸಂತರ ಅನ್ಯೋನ್ಯತೆ ಓದಿದ, ಪಾಪಗಳ ಕ್ಷಮೆ ಎಂದು ಓಡಿಸಿಕೊಂಡು ಹೋದ, ದೇಹಗಳ ಪುನರುತ್ಥಾನ ಎನ್ನುವಲ್ಲಿ ನಾಲಿಗೆ ನಿಂತಿತು.

"ಯಾವ ದೇಹ ಟೀಚರ್?" ಎಂದು ಕೇಳಿದ. "ಹಲ್ಲಿರೋದೋ, ಇಲ್ಲದ್ದೋ?"

"ನಮ್ಮಣ್ಣನಿಗೆ ಅಲ್ಲೂ ಗಿರಾಕಿ ಬೇಕು," ಎಂದ ಡ್ರೈವರು. ಎಲ್ಲರೂ ನಕ್ಕರು. ಮೇಸ್ತ್ರಿಯ ಮುಖ ನೋಡಿದ ಟೀಚರ್ ನಗಲಿಲ್ಲ.

"ಇದೇ ದೇಹ," ಎಂದರು. "ದೇಹ ಅಂದ್ರೆ ಹರಿದಾಗ ಬಿಸಾಕೋ ಅಂಗಿ ಅಂತ ನಾವು ನಂಬಲ್ಲ. ಬರೀ ಆತ್ಮ ಉಳಿದ್ರೆ ಅದು ಪೂರ್ತಿ ನೀವಲ್ಲ. ಅದಕ್ಕೇ ದೇವರು ಇದನ್ನೇ ಎಬ್ಬಿಸ್ತಾರೆ, ಸಾವು ಮುಟ್ಟದ ಹಾಗೆ ಮಾಡಿ. ಹೇಗೆ ಅಂತ ವಿವರ ಕೇಳಿದ್ರೆ ನನಗೆ ಗೊತ್ತಿಲ್ಲ ಮೇಸ್ತ್ರಿಗಳೇ."

"ನನಗೆ ಈ ಸಾಲು ಹೇಳೋಕೆ ಆಗ್ತಿಲ್ಲ."

"ಹಾಗಾದ್ರೆ ಹೇಳಬೇಡಿ. ಜ್ಞಾನಸ್ನಾನದ ದಿನ ಬೆಳಿಗ್ಗೆ ಒಬ್ಬೊಬ್ಬರೇ ನಿಂತು ಫಾದರ್ ಮುಂದೆ ಇದನ್ನ ಬಾಯಿಬಿಟ್ಟು ಹೇಳಬೇಕು. ಇನ್ನೂ ಹದಿನೆಂಟು ದಿನ ಇದೆ. ಅಷ್ಟರಲ್ಲಿ ಆಗದಿದ್ರೆ ಮುಂದಿನ ವರ್ಷ. ಬಾಯಿಗಷ್ಟೇ ಬಂದು ಒಳಗಿಲ್ಲದಿದ್ದರೆ ಅದು ವಿಶ್ವಾಸ ಅಲ್ಲ, ಕಂಠಪಾಠ."

ಅವನ ನಾಲಿಗೆ ನಿಂತ ಕಾರಣ ಯಾರಿಗೂ ಗೊತ್ತಿರಲಿಲ್ಲ. ಅದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಕಿಟಕಿಯ ಮೇಲಿನ ಹಲಗೆಯಲ್ಲಿ, ಮುಚ್ಚಳವಿದ್ದ ಸ್ಟೀಲ್ ಡಬ್ಬಿಯಲ್ಲಿ ನೀರಲ್ಲಿ ಮುಳುಗಿ ಕುಳಿತಿತ್ತು.

ಹೆಂಡತಿಯ ಹಲ್ಲಿನ ಸೆಟ್ಟು. ಅವನೇ ಮಾಡಿದ್ದು, ಅವನ ಕೈಯಿಂದ ಹೊರಟವುಗಳಲ್ಲೆಲ್ಲ ಚೆಂದದ್ದು. ಅದಿಲ್ಲದೆ ಅವಳು ಹಾಲಿನವನಿಗೂ ಬಾಗಿಲು ತೆಗೆಯುತ್ತಿರಲಿಲ್ಲ. "ನಾನು ಸತ್ತ ಮೇಲೂ ಹಲ್ಲಿಲ್ಲದೆ ಕಳಿಸಬೇಡಿ, ಅಪ್ಪನಿಗೂ ಹೇಳಿದೀನಿ, ನಿನಗೂ ಹೇಳ್ತಿದೀನಿ," ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದಳು. ಕಡೆಯ ವಾರ ಎಡಗಡೆ ಚುಚ್ಚುತ್ತದೆ ಎಂದಳೆಂದು ಮೇಸ್ತ್ರಿ ಒಂದು ಬೆಳಿಗ್ಗೆ ಅದನ್ನು ಸರಿಮಾಡಲು ಕೆಲಸದ ಕೋಣೆಗೆ ಒಯ್ದ. ಅದೇ ಮಧ್ಯಾಹ್ನ ಅವಳು ಆಸ್ಪತ್ರೆ ಸೇರಿ, ಸಂಜೆಗೆ ಹೋಗಿಬಿಟ್ಟಳು.

ಮರುದಿನ ಶವಪೆಟ್ಟಿಗೆಯ ಪಕ್ಕ ನಿಂತು ಮಗಳು ಕೇಳಿದಳು, "ಅಪ್ಪ, ಅಮ್ಮನ ಹಲ್ಲು ಹಾಕಿದೀರ ತಾನೇ?"

ಆಗಲೇ ಅವನಿಗೆ ನೆನಪಾದದ್ದು. ಸುತ್ತ ನೆಂಟರು. ಮುಚ್ಚಳ ಮುಚ್ಚಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಕ್ಲಿನಿಕ್ಕು ಹತ್ತು ನಿಮಿಷದ ದಾರಿ. ಮರೆತೆ ಎಂದು ಒಂದು ಮಾತು ಹೇಳಿ ಓಡಿದ್ದರೆ ಆಗುತ್ತಿತ್ತು. ಹಲ್ಲಿನ ಮೇಸ್ತ್ರಿಯಾಗಿ ಸ್ವಂತ ಹೆಂಡತಿಯ ಹಲ್ಲು ಮರೆತೆ ಎಂದು ಅಷ್ಟು ಜನರ ಮುಂದೆ ಹೇಳುವುದು ಹೇಗೆ?

"ಹ್ಞೂ," ಎಂದ.

ಮಗಳು ಅಮ್ಮನ ಕುಗ್ಗಿದ ಕೆನ್ನೆ ನೋಡಿದಳು, ಸಾವು ಮುಖವನ್ನು ಹೀಗೇ ಮಾಡುತ್ತದೇನೋ ಎಂದುಕೊಂಡು ಸುಮ್ಮನಾದಳು.

ಅಲ್ಲಿಂದೀಚೆಗೆ ಅವನು ಪ್ರತಿ ಸೋಮವಾರ ಡಬ್ಬಿಯ ನೀರು ಬದಲಿಸುತ್ತಿದ್ದ.

ಮುಂದಿನ ವಾರದ ಶನಿವಾರ ಮಧ್ಯಾಹ್ನ ಟೀಚರ್ ಕ್ಲಿನಿಕ್ಕಿಗೆ ಬಂದರು. ಸೆಟ್ಟು ಸರಿಮಾಡಿಕೊಡುತ್ತೇನೆ ಎಂದು ಮೇಸ್ತ್ರಿಯೇ ಗೋಗರೆದು ಒಪ್ಪಿಸಿದ್ದ. ಕೋಣೆಯ ಬಾಗಿಲು ಹಾಕಿಸಿ, ಚಿಲಕ ಬಿದ್ದಿದೆಯೇ ಎಂದು ತಾವೇ ನೋಡಿ, ಕರವಸ್ತ್ರ ಅಡ್ಡ ಹಿಡಿದು ಟೀಚರ್ ಹಲ್ಲು ತೆಗೆದುಕೊಟ್ಟರು.

"ಇಲ್ಲಿ," ಎಂದು ಎಡದವಡೆ ಮುಟ್ಟಿ ತೋರಿಸಿದರು. "ಆರು ತಿಂಗಳಿಂದ. ಮೊದಲಿನವನು ಎರಡು ಸಲ ಉಜ್ಜಿಕೊಟ್ಟ. ಇನ್ನೂ ಜಾಸ್ತಿಯಾಯ್ತು."

ಮೇಸ್ತ್ರಿ ಸೆಟ್ಟನ್ನು ತೊಳೆದು ಮತ್ತೆ ಹಾಕಿಸಿ, ಹಲ್ಲಿನ ನಡುವೆ ನೀಲಿ ಕಾಗದದ ಪಟ್ಟಿ ಇಟ್ಟು ಕಚ್ಚಲು ಹೇಳಿದ. ಎಲ್ಲಿ ಜಾಸ್ತಿ ಒತ್ತುತ್ತದೋ ಅಲ್ಲಿ ಮಸಿ ಹತ್ತುತ್ತದೆ. ಹೊರತೆಗೆದು ದೀಪದ ಕೆಳಗೆ ಹಿಡಿದ.

"ನೋಡಿ. ನೋವು ಎಡಗಡೆ, ಗುರುತು ಬಲಗಡೆ. ಬಲಗಡೆ ಹಿಂದಿನ ಹಲ್ಲು ಕೂದಲೆಳೆಯಷ್ಟು ಎತ್ತರ ಇದೆ. ಅದು ಮೊದಲು ತಾಗುತ್ತೆ, ಇಡೀ ಸೆಟ್ಟು ವಾಲುತ್ತೆ, ಎಡಗಡೆ ವಸಡನ್ನ ಕೊರೆಯುತ್ತೆ. ಅರೆಬರೆ ಕಲಿತವರು ನೋವಿರೋ ಕಡೆನೇ ಉಜ್ತಾರೆ. ಒಳ್ಳೇ ಸೆಟ್ಟು ಹಾಳಾಗುತ್ತೆ ಅಷ್ಟೇ."

ಟೀಚರ್ ಕಣ್ಣು ಕಿಟಕಿಯ ಮೇಲಿನ ಹಲಗೆಗೆ ಹೋಗಿತ್ತು. ಉಳಿದ ಡಬ್ಬಿಗಳ ಮೇಲೆಲ್ಲ ಹೆಸರಿನ ಚೀಟಿ, ಸ್ಟೀಲ್ ಡಬ್ಬಿಯ ಮೇಲೆ ಮಾತ್ರ ಇರಲಿಲ್ಲ.

"ಅದು ಯಾರದ್ದು?"

ಮೇಸ್ತ್ರಿ ಆಗತಾನೆ ಶುರುಮಾಡಿದ್ದ ಉಜ್ಜುವ ಯಂತ್ರ ನಿಲ್ಲಿಸಿದ. ಎರಡು ವರ್ಷಕ್ಕೂ ಮಿಕ್ಕಿ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು, ಬೊಕ್ಕಬಾಯಿಗೆ ಕರವಸ್ತ್ರ ಹಿಡಿದು ಕುಳಿತ ಹೆಂಗಸಿಗೆ ಹೇಳಿದ. ಹತ್ತು ನಿಮಿಷದ ದಾರಿಯನ್ನೂ ಹೇಳಿದ, ಮುಕ್ಕಾಲು ಗಂಟೆಯನ್ನೂ ಹೇಳಿದ.

ಕೇಳುತ್ತ ಕೇಳುತ್ತ ಟೀಚರ್ ಕರವಸ್ತ್ರ ಕೆಳಗಿಟ್ಟಿದ್ದರು. ಹಲ್ಲಿಲ್ಲದ ಮಾತು ಸೋರುತ್ತಿತ್ತು, ಆದರೂ ನಿಧಾನವಾಗಿ ಬಿಡಿಸಿ ಬಿಡಿಸಿ ಆಡಿದರು.

"ಯೇಸು ಸ್ವಾಮಿ ಎದ್ದು ಬಂದಾಗ ಶಿಷ್ಯರು ದೆವ್ವ ಅಂದ್ಕೊಂಡ್ರು. ಸ್ವಾಮಿ ಏನು ಮಾಡಿದ್ರು ಗೊತ್ತಾ? ತಿನ್ನೋಕೆ ಏನಾದ್ರೂ ಇದೆಯಾ ಅಂತ ಕೇಳಿದ್ರು. ಸುಟ್ಟ ಮೀನು ಕೊಟ್ರು. ಎಲ್ಲರ ಎದುರು ತಿಂದ್ರು. ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು."

ತಿಂದದ್ದು ಮೇಸ್ತ್ರಿಗೆ ತಟ್ಟಿತು. ತಿನ್ನುವುದೆಂದರೆ ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದವಡೆ ಬೇಕು, ವಸಡು ಬೇಕು, ನಾಲಿಗೆ ಬೇಕು. ದೆವ್ವಕ್ಕೆ ಆಗುವ ಕೆಲಸವಲ್ಲ.

"ನಿಮ್ಮ ಮನೆಯವರಿಗೆ ಹಲ್ಲು ಕೊಡೋದು ದೇವರಿಗೆ ಕಷ್ಟ ಅನ್ಸುತ್ತಾ ನಿಮಗೆ?"

"ಇಲ್ಲ ಟೀಚರ್. ಅದರಲ್ಲಿ ಅನುಮಾನ ಇಲ್ಲ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಕೈಯಲ್ಲಿದ್ದ ಸೆಟ್ಟನ್ನು ತಿರುಗಿಸಿದ. ಎಡಗಡೆ ಎರಡು ಸಲ ಉಜ್ಜಿ ಸವೆದ ಜಾಗ. ಬಲಗಡೆ ನೀಲಿ ಚುಕ್ಕೆ. ಇಷ್ಟು ದಿನ ತಾನು ಉಜ್ಜುತ್ತಿದ್ದದ್ದು ದೇಹಗಳ ಪುನರುತ್ಥಾನದ ಸಾಲನ್ನು. ಗುರುತು ಬಿದ್ದಿದ್ದು ಅದರ ಹಿಂದಿನದಕ್ಕೆ. ಪಾಪಗಳ ಕ್ಷಮೆ ಎಂದು ಓಡಿಸಿಕೊಂಡು ಹೋದದ್ದು.

"ಜ್ಞಾನಸ್ನಾನದಲ್ಲಿ ಹಿಂದಿನ ಪಾಪವೆಲ್ಲ ತೊಳೆದುಹೋಗುತ್ತೆ ಅಂದ್ರಿ," ಎಂದ. "ಅಂದ್ರೆ ಮಗಳಿಗೆ ಹೇಳದೆ ಇದ್ರೂ ನಡೆಯುತ್ತಾ?"

"ದೇವರು ಕ್ಷಮಿಸ್ತಾರೆ. ಸುಳ್ಳು ಬಿಡೋ ಮನಸ್ಸು ಇದ್ರೆ. ಬಿಡೋ ಮನಸ್ಸು ಇದೆಯಾ ಅಂತ ನೀವು ನೋಡ್ಕೊಬೇಕು." ಟೀಚರ್ ಕೈಚಾಚಿದರು. "ಈಗ ನನ್ನ ಹಲ್ಲು ಕೊಡಿ ಮಾರಾಯರೇ. ಹೀಗೆ ನಾನು ನಮ್ಮ ಮನೆಯವರ ಮುಂದೂ ಕೂತವಳಲ್ಲ."

ಬಲಗಡೆ ಯಂತ್ರವನ್ನು ಎರಡೇ ಎರಡು ಸಲ ಮುಟ್ಟಿಸಿ ಕೊಟ್ಟ. ಟೀಚರ್ ಕಚ್ಚಿದರು. ಸದ್ದಿಲ್ಲ.

ಮಗಳು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸೋಮವಾರ ಮೇಸ್ತ್ರಿ ನೀರು ಬದಲಿಸಿ, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದ. ಕೌಂಟರಿನ ಮೇಲಿಟ್ಟು, ಮುಚ್ಚಳ ತೆಗೆದು, ನಿಂತಲ್ಲೇ ಹೇಳಿದ.

ಮಗಳು ತುಂಬ ಹೊತ್ತು ಅದನ್ನೇ ನೋಡಿದಳು.

"ತರೋಕೆ ಟೈಮಿತ್ತಾ?" ಎಂದು ಕೇಳಿದಳು.

"ಇತ್ತು."

ಕೆಮ್ಮಿಗೆ ಔಷಧ ಕೇಳಿಕೊಂಡು ಒಬ್ಬ ಮುದುಕ ಬಂದ. ಮಗಳು ಬಾಟಲಿ ಕೊಟ್ಟಳು, ಊಟವಾದ ಮೇಲೆ ಎರಡೆರಡು ಚಮಚ ಎಂದು ಎರಡು ಸಲ ಹೇಳಿದಳು. ಮುದುಕ ಹೋದ.

"ಅಮ್ಮ ಕೇಳಿದ್ದು ಅದೊಂದೇ ಅಪ್ಪ. ಹಲ್ಲಿನ ವಿಷಯ, ಅಪ್ಪ ಇದ್ದಾರಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ. ಅವಳ ಮುಖ ನೋಡಿದಾಗ್ಲೂ ನನ್ನ ಕಣ್ಣನ್ನ ನಂಬಲಿಲ್ಲ, ನಿಮ್ಮನ್ನ ನಂಬಿದೆ."

"ನನ್ನದು ತಪ್ಪಾಯ್ತು ಮಗಳೇ."

"ಇದನ್ನ ಇಲ್ಲೇ ಬಿಟ್ಟು ಹೋಗಿ."

"ಶನಿವಾರ ಬೆಳಿಗ್ಗೆ ಚರ್ಚಲ್ಲಿ..."

"ಗೊತ್ತಿಲ್ಲ ಅಪ್ಪ. ಈಗ ಹೋಗಿ."

ಹೋದ. ಟವೆಲು ಮರೆತು ಬಂದದ್ದು ಮನೆ ತಲುಪಿದ ಮೇಲೆ ಗೊತ್ತಾಯಿತು.

ಶನಿವಾರ ಮೊದಲು ನಿಂತವನು ಡ್ರೈವರು. ಬಸ್ಸಿಗೆ ಬ್ರೇಕಿಲ್ಲದಂತೆ ಒಂದೇ ಉಸಿರಿಗೆ ಹೇಳಿ ಮುಗಿಸಿ, ಬೆವರೊರೆಸಿಕೊಂಡು, "ನಿನ್ನ ಸರದಿ ಅಣ್ಣ" ಎಂದು ಪಿಸುಗುಟ್ಟಿದ. ಮೇಸ್ತ್ರಿ ಎದ್ದು ನಿಂತು ಹಿಂದಿನ ಬೆಂಚುಗಳತ್ತ ನೋಡಿದ. ಹೂವು ಜೋಡಿಸುವವಳೊಬ್ಬಳು ಬಿಟ್ಟರೆ ಯಾರೂ ಇರಲಿಲ್ಲ.

ಫಾದರ್ ಕಾಯುತ್ತಿದ್ದರು. ಮೇಸ್ತ್ರಿ ಶುರುಮಾಡಿದ. ಧರ್ಮಸಭೆ ಎಂದ, ಸಂತರ ಅನ್ಯೋನ್ಯತೆ ಎಂದ. ಮುಂದಿನ ಸಾಲಿಗೆ ಬಂದು ನಿಂತ. ಟೀಚರ್ ತಲೆಯೆತ್ತಿದರು. ಮಗಳು ಕ್ಷಮಿಸಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಯಾರು, ಯಾವಾಗ ಎಂದು ಆ ಸಾಲಿನಲ್ಲಿ ಇರಲಿಲ್ಲ. ಕ್ಷಮೆ ಎಂಬುದೊಂದು ಇದೆ ಎಂದಷ್ಟೇ ಇತ್ತು. ಅದನ್ನು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಭಾರ ಬಿಟ್ಟು ಹೇಳಿದ. ಅದರ ಮುಂದಿನದು ಎಲ್ಲೂ ತಾಗದೆ ಬಂತು.

ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಮೇಲೆ, ಹಿಂದೆ ಅವನು ಪೇಪರು ಓದುತ್ತ ಕೂರುತ್ತಿದ್ದ ಜಾಗದಲ್ಲಿ, ಮಗಳು ಕುಳಿತಿದ್ದಳು. ತೊಡೆಯ ಮೇಲೆ ಟವೆಲು, ಟವೆಲಿನಲ್ಲಿ ಡಬ್ಬಿ.

"ಒಳಗೆ ಬರೋಕೆ ಮನಸ್ಸಾಗಲಿಲ್ಲ," ಎಂದಳು. "ಬಾಗಿಲು ತೆಗೆದಿತ್ತು, ಕೇಳಿಸ್ತು. ಇನ್ನೂ ಕೋಪ ಇದೆ ನನಗೆ."

"ಇರಲಿ." ಒಂದು ಮೆಟ್ಟಿಲು ಕೆಳಗೆ ಕುಳಿತ.

"ಇದರ ಎಡಗಡೆ ಬೆರಳಿಟ್ಟು ನೋಡಿದೆ. ಏನೂ ಚೂಪಿಲ್ವಲ್ಲ. ಚುಚ್ಚುತ್ತೆ ಅಂತ ತಾನೇ ಅಮ್ಮ ಕೊಟ್ಟಿದ್ದು?"

"ನೋವಿರೋ ಕಡೆ ನೋಡಿದ್ರೆ ಸಿಗಲ್ಲ ಅದು. ಎತ್ತರ ಬೇರೆ ಎಲ್ಲೋ ಇರುತ್ತೆ. ಅವಳು ಕಚ್ಚಿ ತೋರಿಸಬೇಕಿತ್ತು. ಅವಳಿಲ್ಲದೆ ಸರಿಮಾಡೋಕಾಗಲ್ಲ."

ಮಗಳು ಡಬ್ಬಿಯನ್ನು ಸ್ವಲ್ಪ ವಾಲಿಸಿದಳು. ಒಳಗೆ ನೀರು ಸದ್ದು ಮಾಡಿತು.

"ಅವಳು ಬರ್ತಾಳೆ ಅಂತ ತಾನೇ ಈಗ ಒಳಗೆ ನಿಂತು ಹೇಳಿದ್ದು ನೀವು?"

"ಹ್ಞೂ," ಎಂದ ಮೇಸ್ತ್ರಿ.

ಮಗಳು ಅವನ ಮುಖವನ್ನು ಚೆನ್ನಾಗಿ ನೋಡಿದಳು, ಆವತ್ತು ಶವಪೆಟ್ಟಿಗೆಯ ಪಕ್ಕ ನೋಡದ ಹಾಗೆ, ಗಡಿಬಿಡಿಯಿಲ್ಲದೆ. ಆಮೇಲೆ ಟವೆಲನ್ನು ಮಡಿಸಿ ಅವನ ಕೈಗೆ ಕೊಟ್ಟಳು. ಡಬ್ಬಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.