ಬೆವರಿನಲ್ಲಿ ಹೋಗದ ಗಾಂಜಾ

ಆರ್ವಿಡ್ ಕಂಗಾಸ್ ಆ ವಾರ ಸೌನಾದ ಒಲೆ ಹಚ್ಚಿದ್ದು ಅದು ಮೂರನೆಯ ಸಲ. ಹಿತ್ತಲಿನ ಮರದ ಕೋಣೆಯಲ್ಲಿ ಕಾದ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಕೂತು, ಮೈಯೊಳಗಿನ ಗಾಂಜಾವನ್ನು ಬೆವರಿನಲ್ಲಿ ಇಳಿಸುವುದು ಅವನ ಲೆಕ್ಕಾಚಾರ.

"ಶನಿವಾರಕ್ಕೊಂದ್ಸಲ ಕಾಯಿಸೋ ಸೌನಾನ ಮೂರು ಸಲ ಕಾಯಿಸಿದೀಯ. ಸೌದೆ ಏನು ಆಕಾಶದಿಂದ ಬೀಳುತ್ತಾ?" ಎಂದಳು ಹೆಂಡತಿ ಎಲ್ಮಾ.

"ಸೋಮವಾರ ಪರೀಕ್ಷೆ ಕಣೆ. ನಮ್ಮಜ್ಜ ಜ್ವರ, ಶೀತ, ಮೈಕೈ ನೋವು ಎಲ್ಲಾ ಇಲ್ಲೇ ಇಳಿಸ್ಕೊಂಡ. ಇದ್ಯಾವ ಮಹಾ!"

ಇಪ್ಪತ್ತಾರು ವರ್ಷ ದಿಮ್ಮಿ ಲಾರಿ ಓಡಿಸಿ ಬೆನ್ನು ಸೋತು, ಅವನು ಆ ಕೆಲಸ ಬಿಟ್ಟಿದ್ದ. ನೋವಿಗೆ ನಿದ್ದೆ ಬಾರದೆ, ಎರಡು ವರ್ಷದಿಂದ ದಿನವೂ ಗಾಂಜಾ ಬೆರೆಸಿದ ಒಂದು ಜೆಲ್ಲಿ ಮಿಠಾಯಿ ತಿಂದು ಮಲಗುತ್ತಿದ್ದ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಅದನ್ನು ಅಂಗಡಿಯಲ್ಲೇ ಮಾರುತ್ತಾರೆ, ಕದ್ದುಮುಚ್ಚಿ ತರಬೇಕಿಲ್ಲ. ಈಗ ಶಾಲಾ ಬಸ್ಸಿನ ಚಾಲಕನ ಕೆಲಸ ಕೈಗೆ ಬರುವಂತಿತ್ತು. ಅದು ಸಿಕ್ಕರೆ ಇಬ್ಬರಿಗೂ ಆರೋಗ್ಯ ವಿಮೆ, ಎಲ್ಮಾಳ ಹೃದಯದ ಮಾತ್ರೆಗಳು ತಪ್ಪುವುದಿಲ್ಲ. ಆದರೆ ಸೇರುವ ಮೊದಲು ಮೂತ್ರ ಪರೀಕ್ಷೆ ಆಗಬೇಕು. ಮಿಠಾಯಿ ಬಿಟ್ಟು ಅವನಿಗೆ ಒಂಬತ್ತು ದಿನವಾಗಿತ್ತು.

ಶನಿವಾರದ ಸೌನಾಕ್ಕೆ ಎಂದಿನಂತೆ ಪಕ್ಕದ ಮನೆಯ ಇರ್ಯಾ ಬಂದಳು. ಅವಳು ಚಿಕಿತ್ಸಾಲಯದಲ್ಲಿ ನರ್ಸು, ಆರ್ವಿಡ್‌ನ ಜೊತೆ ಶಾಲೆಗೆ ಹೋದವಳು. ಏಲಕ್ಕಿ ಬ್ರೆಡ್ಡು, ಕಾಫಿ ಮುಂದಿಟ್ಟುಕೊಂಡು ಮೂವರೂ ಅಡುಗೆಮನೆಯಲ್ಲಿ ಕೂತಾಗ ಆರ್ವಿಡ್‌ಗೆ ತಡೆಯಲಾಗಲಿಲ್ಲ.

"ಔಷಧಿ ಅಂಗಡಿಯಿಂದ ಮೂತ್ರ ಪರೀಕ್ಷೆ ಮಾಡೋ ಪಟ್ಟಿ ತಂದು ನಾನೇ ನೋಡ್ಕೊಂಡೆ. ಒಂದೇ ಗೆರೆ ಬಂತು. ಇನ್ನೊಂದು ಅಳಿಸೇ ಹೋಗಿದೆ. ಪಾಸು!"

"ಎಲ್ಲಿ, ಆ ಡಬ್ಬ ತಾ." ಇರ್ಯಾ ಕನ್ನಡಕ ಏರಿಸಿದಳು. "ಇದನ್ನ ಓದಿದ್ಯೇನೋ?"

"ಇರುವೆ ಸಾಲಿನ ಥರ ಬರೆದಿರೋದನ್ನ ಯಾರು ಓದ್ತಾರೆ?"

"ಎರಡು ಗೆರೆ ಬಂದ್ರೆ ಸಿಗಲಿಲ್ಲ ಅಂತ. ಎರಡನೇ ಗೆರೆ ಬರದೇ ಇದ್ರೆ ಗಾಂಜಾ ಇದೆ ಅಂತ."

ಆರ್ವಿಡ್‌ನ ಮುಖ ಸಣ್ಣದಾಯಿತು. "ಒಂಬತ್ತು ದಿನ ಆಯ್ತಲ್ಲೇ! ಅಮಲು ಮಾರನೇ ದಿನಕ್ಕೇ ಇಳಿದುಹೋಗುತ್ತೆ."

"ಅಮಲು ಇಳಿಯೋದು ಬೇರೆ, ಗುರುತು ಅಳಿಯೋದು ಬೇರೆ. ಗಾಂಜಾ ಕೊಬ್ಬಿನಲ್ಲಿ ಅಡಗಿ ಕೂರುತ್ತೆ, ಬೆವರಲ್ಲಿ ಹೋಗಲ್ಲ. ದಿನದಿನಾ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಂದು, ಮಲಮೂತ್ರದಲ್ಲಿ ಹೊರಗೆ ಹೋಗಬೇಕು. ಅಪರೂಪಕ್ಕೊಂದ್ಸಲ ತಗೊಂಡವರ ಮೂತ್ರದಲ್ಲಿ ಸುಮಾರು ಮೂರು ದಿನ ಸಿಗುತ್ತೆ. ನಿನ್ನ ಥರ ದಿನಾ ತಿಂದವರಲ್ಲಿ ಒಂದು ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು. ಎಂಜಲಲ್ಲಿ ಒಂದೆರಡು ದಿನ. ಕೂದಲಲ್ಲಿ ಮೂರು ತಿಂಗಳವರೆಗೂ ಸಿಗಬಹುದು."

"ಕೂದಲಿನ ಚಿಂತೆ ಅವನಿಗಿಲ್ಲ ಬಿಡು," ಎಂದಳು ಎಲ್ಮಾ, ಗಂಡನ ಬೋಳುತಲೆ ನೋಡುತ್ತ. ಯಾರೂ ನಗಲಿಲ್ಲ.

"ಒಂದು ಬಕೆಟ್ ನೀರು ಕುಡಿದ್ರೆ?"

"ಮೂತ್ರ ನೀರಾಗಿದೆ ಅಂತ ಲ್ಯಾಬಿನವರಿಗೆ ಗೊತ್ತಾಗುತ್ತೆ, ಮತ್ತೆ ಕೊಡು ಅಂತಾರೆ. ಕಲಬೆರಕೆ ಮಾಡಿ ಸಿಕ್ಕಿಬಿದ್ರೆ ಇನ್ನೂ ಕೆಟ್ಟದು."

"ಅಂಗಡಿಯಲ್ಲೇ ಮಾರ್ತಾರಲ್ಲ, ತಪ್ಪು ಹೇಗಾಗುತ್ತೆ?"

"ಅಂಗಡಿಗೆ ರಾಜ್ಯದ ಕಾನೂನು. ಬಸ್ಸು ಲಾರಿ ಓಡಿಸೋರಿಗೆ ದೇಶದ ಕಾನೂನು, ಅದರಲ್ಲಿ ಗಾಂಜಾ ಕೂಡದು. ಪರೀಕ್ಷೇಲಿ ಸೋತ್ರೆ ಚಾಲಕರ ದಾಖಲೆಗೆ ಹೋಗುತ್ತೆ. ಆಮೇಲೆ ಯಾರೂ ಸುಲಭವಾಗಿ ನಿನ್ನ ಕೈಗೆ ಸ್ಟಿಯರಿಂಗ್ ಕೊಡಲ್ಲ."

ಆರ್ವಿಡ್ ಎದ್ದು ಒಬ್ಬನೇ ಸೌನಾಕ್ಕೆ ಹೋದ. ಅಲ್ಲಿನ ಬೆಂಚಿನ ಮೇಲೆ ಕೂತು ಸುಳ್ಳು ಯೋಚಿಸಬಾರದೆಂದು ಅವನ ಅಜ್ಜಿ ಕಲಿಸಿದ್ದಳು. ಅಲ್ಲೇ ಕೂತು ಅವಳು ಸ್ತುತಿಪದಗಳನ್ನು ರಾಗವಾಗಿ ಹೇಳುತ್ತಿದ್ದಳು. ಕಲ್ಲು ಚೊಯ್ಯೆಂದಿತು. ಬಹಳ ಹೊತ್ತಿನ ಮೇಲೆ ಅವನು ಹೊರಬಂದ.

"ಸೋಮವಾರ ಬೆಳಿಗ್ಗೆ ಶಾಲೆಗೆ ಫೋನ್ ಮಾಡಿ ಅರ್ಜಿ ವಾಪಸ್ ತಗೋತೀನಿ. ಎರಡು ತಿಂಗಳು ಬಿಟ್ಟು, ಜನವರಿಗೆ ಮತ್ತೆ ಹಾಕ್ತೀನಿ."

"ಅಷ್ಟರಲ್ಲಿ ಬೇರೆಯವರಿಗೆ ಕೊಟ್ಬಿಟ್ರೆ?" ಎಂದಳು ಎಲ್ಮಾ.

"ಕೊಡ್ಲಿ. ಮಕ್ಕಳನ್ನ ಕೂರಿಸ್ಕೊಂಡು ಓಡಿಸೋ ಬಸ್ಸು ಅದು. ಮೋಸದಿಂದ ಹತ್ತಲ್ಲ. ಅಲ್ಲೀತನಕ ಸೌದೆ ಒಡೆದು ಮಾರ್ತೀನಿ, ನಿನ್ನ ಮಾತ್ರೆ ತಪ್ಪಿಸಲ್ಲ."

"ಆ ಬೆನ್ನಿಟ್ಕೊಂಡು?"

"ಬೆನ್ನಿಗೆ ಡಾಕ್ಟರ ಹತ್ರ ಬಾ," ಎಂದಳು ಇರ್ಯಾ. "ನಿದ್ದೆಗೂ ದಾರಿ ಇದೆ. ಯಾವ ಕೆಲಸಕ್ಕೆ ಹೋಗ್ತಿದೀಯ ಅನ್ನೋದನ್ನ ಮಾತ್ರ ಮುಚ್ಚಿಡಬೇಡ, ಅದಕ್ಕೆ ತಕ್ಕ ಔಷಧಿ ಕೊಡ್ತಾರೆ."

ಉಳಿದ ಮಿಠಾಯಿಗಳನ್ನು ಎಲ್ಮಾಳೇ ಒಲೆಗೆ ಹಾಕಿದಳು. ಮೊದಲ ವಾರಗಳಲ್ಲಿ ಅವನಿಗೆ ನಿದ್ದೆ ಬರಲಿಲ್ಲ, ಸಿಡುಕು ಹೆಚ್ಚಾಯಿತು. ಆದರೂ ಹಟ ಬಿಡಲಿಲ್ಲ. ವಾರಕ್ಕೊಮ್ಮೆ ಪಟ್ಟಿ ನೋಡಿದ. ಬಿಟ್ಟ ಮೂವತ್ತೇಳನೆಯ ದಿನ ಎರಡನೆಯ ಗೆರೆ ಮೂಡಿತು. "ಮನೆಯ ಪಟ್ಟಿ ಬರೀ ಅಂದಾಜು. ಲ್ಯಾಬು ಹೇಳಿದ್ದೇ ಮಾತು," ಎಂದಳು ಇರ್ಯಾ. ಅವನು ಇನ್ನೂ ಕಾದ.

ಮೊದಲಿನ ಬಸ್ಸು ಬೇರೆಯವರ ಪಾಲಾಗಿತ್ತು. ಜನವರಿಯಲ್ಲಿ ಸಿಕ್ಕಿದ್ದು ಸರೋವರದಂಚಿನ ದೂರದ ದಾರಿಯ ಬಸ್ಸು, ದಾರಿಯುದ್ದಕ್ಕೂ ಮೊಣಕಾಲೆತ್ತರದ ಹಿಮ. ಲ್ಯಾಬಿನ ಕಾಗದದಲ್ಲಿ ಗಾಂಜಾ ಇಲ್ಲವೆಂದೇ ಬಂದಿತ್ತು. ಮೊದಲ ದಿನ ಹತ್ತೊಂಬತ್ತು ಮಕ್ಕಳು ಹತ್ತಿದರು. ಪ್ರತಿಯೊಬ್ಬರ ಮುಖವನ್ನೂ ಆರ್ವಿಡ್ ನೇರವಾಗಿ ನೋಡಿದ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಗಾಡಿ ಓಡಿಸುವವರು, ಯಂತ್ರ ನಡೆಸುವವರು ಇರಬಹುದು. ತಲೆ ತಿಳಿಯಾಯಿತೆಂದು ಮೈ ತಿಳಿಯಾಯಿತೆಂದುಕೊಳ್ಳಬೇಡಿ. ಬೆವರು, ನೀರು, ಪಾನಕ ಯಾವುದೂ ಗಾಂಜಾವನ್ನು ತೊಳೆಯುವುದಿಲ್ಲ. ತೊಳೆಯುವುದು ಬಿಟ್ಟ ದಿನಗಳು ಮಾತ್ರ, ಅದರಲ್ಲೂ ಒಬ್ಬೊಬ್ಬರ ಮೈಗೆ ಒಂದೊಂದು ಗಡುವು. ಆ ಎಣಿಕೆ ಇವತ್ತಿನಿಂದಲೇ ಶುರುವಾಗಲಿ. ಬಿಡಲು ಕಷ್ಟವಾದರೆ ನಾಚದೆ ನಿಮ್ಮೂರಿನ ನರ್ಸಮ್ಮನ ಬಾಗಿಲು ತಟ್ಟಿ.