ಮೀಸೆಯ ಮೇಲಿನ ಸಕ್ಕರೆ

ಆ ಫ್ಯಾನಿನ ಒಂದು ರೆಕ್ಕೆ ಕುಂಟುತ್ತಿದೆ, ಟಕ್ ಟಕ್, ಇವರಿದ್ದಿದ್ದರೆ ಇಷ್ಟು ಹೊತ್ತಿಗೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು, ಗ್ರಾಹಕರ ನ್ಯಾಯಾಲಯವಾದರೇನು, ಗಡಿಯಾರ ರಿಪೇರಿಯವರ ಕೈ ಸುಮ್ಮನಿರುತ್ತದೆಯೇ — ಕಂಪನಿಯ ವಕೀಲರು ಕಾಗದ ತಿರುವುತ್ತಿದ್ದಾರೆ, ಇನ್ನೇನು ಕೇಳುತ್ತಾರೆ, ನಿಮ್ಮ ಯಜಮಾನರು ಬೆವರ್ತಿದ್ರಾ, ನಡುಗ್ತಿದ್ರಾ, ಮಗಳು ಬೆಳಿಗ್ಗೆಯಿಂದ ಗಿಳಿಪಾಠ ಮಾಡಿಸಿದ್ದಾಳೆ, ಹೂಂ ಬೆವರ್ತಿದ್ರು ಅನ್ನಮ್ಮ, ಶುಗರ್ ಇಳಿದವರ ಹಾಗೇ ಇದ್ರು ಅನ್ನು, ಇಲ್ಲಾಂದ್ರೆ ಲಕ್ಷಣವೇ ಇಲ್ದೆ ಸಕ್ಕರೆ ಯಾಕೆ ಕೊಟ್ರಿ ಅಂತ ತಪ್ಪೆಲ್ಲ ನಿನ್ನ ತಲೆಗೇ ಕಟ್ತಾರೆ, ಪಾಪ, ಅಪ್ಪನ ಯಂತ್ರ ಸುಳ್ಳು ಹೇಳಿತೆಂದು ಸಾಬೀತು ಮಾಡಲು ಎರಡು ವರ್ಷ ಚಪ್ಪಲಿ ಸವೆಸಿದ್ದಾಳೆ — ಯಂತ್ರವೆಂದರೆ ತೋಳಿಗೆ ಅಂಟಿಸುವ ಬಿಳಿ ಬಿಲ್ಲೆ, ಕೋಟಿನ ಗುಂಡಿಯಷ್ಟು, ಶುಗರ್ ಅಳೆದು ಫೋನಿಗೆ ಕಳಿಸುತ್ತದೆ, ಬೆರಳು ಚುಚ್ಚೋ ಕಾಟ ತಪ್ತು ಕಣೇ ಎಂದು ಎಷ್ಟು ಹಿಗ್ಗಿದ್ದರು, ಆ ಶುಕ್ರವಾರ ಫೋನು ಕಿರುಚಿತು, ಐವತ್ತನಾಲ್ಕು, ತೀರಾ ಕಡಿಮೆ, ತಕ್ಷಣ ಸಿಹಿ ಕೊಡಿ, ಹನ್ನೆರಡು ವರ್ಷ ನಾನು ಬಚ್ಚಿಟ್ಟ ಸಕ್ಕರೆ ಡಬ್ಬಿ ನನ್ನ ಕೈಯಿಂದಲೇ ಕೆಳಗಿಳಿಯಿತು, ಮೀಸೆಗೆಲ್ಲ ಸಕ್ಕರೆ ಅಂಟಿಸಿಕೊಂಡು ಚಪ್ಪರಿಸಿದರು, ಶನಿವಾರ ಮತ್ತೆ ಕಿರುಚಿತು, ಭಾನುವಾರ ಮತ್ತೆ, ರೀ, ಬೆರಳು ಚುಚ್ಚೋ ಹಳೇ ಮೀಟರಲ್ಲೂ ಒಂದ್ಸಲ ನೋಡೋಣ ಅಂದೆ, ಅಂದಿದ್ದೆನಲ್ಲ, ನಲವತ್ತು ವರ್ಷ ಅಂಗಡಿಯಲ್ಲಿ ಒಂದು ಗಡಿಯಾರವನ್ನು ಇನ್ನೊಂದರ ಜೊತೆ ತಾಳೆ ನೋಡದೆ ಗಿರಾಕಿಗೆ ಕೊಟ್ಟವರಲ್ಲ, ಅವತ್ತು ಮಾತ್ರ ತಾಳೆನೂ ಬೇಡ ಗೀಳೆನೂ ಬೇಡ, ಮೆಷಿನ್ನೇ ಕೊಡು ಅಂತಿದೆ, ನಿಂದೇನೇ ಜಿಪುಣತನ, ಇನ್ನೊಂದು ಚಮಚ ಹಾಕು — ನಾನೂ ಸೋತೆ, ಅವರ ಖುಷಿ ನೋಡಿ ಸೋತೆ, ಸೋಮವಾರ ಎಚ್ಚರ ತಪ್ಪಿತು, ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, ಆರುನೂರು ದಾಟಿದೆಯಲ್ಲಮ್ಮ, ಯಾರು ಸಕ್ಕರೆ ಕೊಟ್ಟಿದ್ದು, ನಾನೇ, ನಾನೇ ಕಣಪ್ಪ, ಗುರುವಾರ ಹೊರಟೇ ಹೋದರು.

ಅಮ್ಮಾ, ನಿಮ್ಮನ್ನೇ ಕೇಳ್ತಿರೋದು, ಬೆವರ್ತಿದ್ರಾ, ಎದ್ದು ನಿಂತಿದ್ದೇನೆ, ಮಗಳು ಬೆಂಚಿನ ತುದಿಯಲ್ಲಿ ಉಸಿರು ಬಿಗಿಹಿಡಿದಿದ್ದಾಳೆ, ಹೂಂ ಅಂದರೆ ಸಾಕು, ಒಂದೇ ಹೂಂ, ಆದರೆ ಬೆವರೆಲ್ಲಿತ್ತು, ಹಣೆ ಮುಟ್ಟಿದ್ದೆನಲ್ಲ, ಒಣಗಿತ್ತು, ಬೆಚ್ಚಗಿತ್ತು, ಇಷ್ಟು ವರ್ಷದ ಮೇಲೆ ಸಿಕ್ಕ ಮೂರು ದಿನದ ಸಂತೋಷ, ಅದನ್ನು ನಡುಕ ಅಂತ ಬರೆಸಲೇ, ಅಷ್ಟು ಮಾಡಲಾರೆ — ಇಲ್ಲ ಸ್ವಾಮಿ, ಬೆವರ್ತಿರ್ಲಿಲ್ಲ, ನಗ್ತಿದ್ರು, ಇದು ನನ್ನದೇ ದನಿಯೇ, ವಕೀಲರು ಪೆನ್ನು ತೆರೆದರು, ಮಗಳು ಮುಖ ಮುಚ್ಚಿಕೊಂಡಳು, ತಪ್ಪಾಯ್ತು ಮಗಳೇ, ನಿಮ್ಮಪ್ಪ ನಗ್ತಿದ್ರು, ನಾನೇನು ಮಾಡಲಿ, ಟಕ್ ಟಕ್, ಚಮಚ ಮುಂದೆ ಚಾಚಿದ್ದರು, ಮೀಸೆಯ ಮೇಲೆ ಸಕ್ಕರೆ, ಒರೆಸಿಕೊಳ್ಳಿ ಅಂದರೆ ಒರೆಸಿಕೊಳ್ಳದೆ, ಮೀಸೆಯ ಮೇಲೆ ಸಕ್ಕರೆ