ಭಾನುವಾರದ ಆಟ

ಗುರುವಾರ ಬೆಳಿಗ್ಗೆ ನೇತ್ರಾವತಿ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯ ಎಂದ ಕೂಡಲೇ ದೊಡ್ಡ ಕಟ್ಟಡವನ್ನೇನೂ ಊಹಿಸಿಕೊಳ್ಳಬೇಡಿ. ಎರಡು ಹಾಲು, ಒಂದು ಸಾಮಾನಿನ ಕೋಣೆ, ಮುಂದೆ ಒಂದು ಜಗಲಿ, ಅಷ್ಟೇ. ಆ ಜಗಲಿಯ ಅರ್ಧವನ್ನು ಪರೀಕ್ಷಾ ವಿಭಾಗದವರು ಆಗಲೇ ಉತ್ತರಪತ್ರಿಕೆಯ ಮೂಟೆ ಒಟ್ಟಿ ಹಿಡಿದುಕೊಂಡಿದ್ದರು. ಒಳಗಿನ ಹಾಲುಗಳ ಮೇಲೂ ಅವರ ಕಣ್ಣಿತ್ತು. ಶನಿವಾರ ಶುರುವಾಗುವ ಪ್ರದರ್ಶನಕ್ಕೆ ಜನ ಬರದಿದ್ದರೆ ಬೀಗದಕೈ ಅವರಿಗೇ ಎಂದು ಕುಲಸಚಿವರು ಸಭೆಯಲ್ಲಿ ನಗುನಗುತ್ತಾ ಹೇಳಿದ್ದರು. ನಗುನಗುತ್ತಾ ಹೇಳಿದ್ದನ್ನು ಅವರು ತಪ್ಪದೆ ಮಾಡುತ್ತಾರೆ ಎಂಬುದು ಚಿತ್ರದುರ್ಗದಲ್ಲಿ ಅವರ ಕೈಕೆಳಗೆ ಇರುವ ಎಲ್ಲರಿಗೂ ಗೊತ್ತಿತ್ತು.

ಹೊಳಲ್ಕೆರೆಯ ನೇತ್ರಾವತಿ ಇಲ್ಲಿ ಆರು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾಳೆ. ಕ್ಯುರೇಟರ್ ಅನ್ನುವುದು ಹೆಸರು. ಬೀಗ ತೆಗೆಯುವುದರಿಂದ ಹಿಡಿದು ಜೇಡರ ಬಲೆ ಹೊಡೆಯುವವರೆಗೆ ಎಲ್ಲವೂ ಕೆಲಸ. ಪ್ರತಿ ಜೂನ್‌ನಲ್ಲಿ ಅವಳ ನೇಮಕದ ಕಾಗದ ಹೊಸದಾಗಬೇಕು, ಹಾಗಾಗಿ ಜೂನ್ ಬಂತೆಂದರೆ ಎದೆಯೊಳಗೆ ಒಂದೇ ಸಮನೆ ಪುಕಪುಕ. ಕುಲಸಚಿವರ ಫೋನು ಬಂದರೆ ಎರಡನೆಯ ರಿಂಗಿಗೆ ಮೊದಲೇ ಎತ್ತಿ ‘ಸಾರ್’ ಅನ್ನುವುದು ಗುತ್ತಿಗೆಯವರೆಲ್ಲರ ರೂಢಿ. ಉಣ್ಣುವ ಕೈಯಲ್ಲೂ ಎತ್ತುತ್ತಿದ್ದರು, ಸಾವಿನ ಮನೆಯಲ್ಲೂ ಎತ್ತುತ್ತಿದ್ದರು.

ಈ ಸಲದ ಮೂರು ತಿಂಗಳ ಕಾರ್ಯಕ್ರಮ ಪಟ್ಟಿಯನ್ನು ಅವಳು ಬಹಳ ಆಸೆಪಟ್ಟು ಮಾಡಿದ್ದಳು. ಜೂನ್‌ಗೆ ಮಾರಿಕಣಿವೆಯ ಕಾಟಪ್ಪಜ್ಜನ ಮನೆಯ ಮೂವತ್ತೆರಡು ತೊಗಲುಗೊಂಬೆ. ಜುಲೈಗೆ ಚಂದ್ರವಳ್ಳಿಯ ಮಡಕೆ ಚೂರುಗಳನ್ನು ನೋಡಿ ಶಾಲೆಯ ಮಕ್ಕಳು ಬರೆದ ಚಿತ್ರ. ಆಗಸ್ಟ್‌ಗೆ ಹೊಸದುರ್ಗದ ಕಡೆಯ ಕಂಬಳಿ, ನೇಯುವವರ ಸಮೇತ. ಬುಧವಾರ ಸಂಜೆ ಉಪನ್ಯಾಸ, ಶನಿವಾರ ಮಕ್ಕಳಿಗೆ ಚಿತ್ರಪಾಠ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಭಾನುವಾರ ಸಂಜೆ ಜಗಲಿಯಲ್ಲೇ ಪರದೆ ಕಟ್ಟಿ ಕಾಟಪ್ಪಜ್ಜನ ಗೊಂಬೆಯಾಟ.

ಆ ಭಾನುವಾರದ ಆಟವನ್ನು ಕುಲಸಚಿವರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ರಜಾದಿನ ಗೇಟು ಯಾರು ಕಾಯುತ್ತಾರೆ? ದೀಪದ ಪಕ್ಕದಲ್ಲೇ ಉತ್ತರಪತ್ರಿಕೆ ಇವೆ, ಬೆಂಕಿ ಬಿದ್ದರೆ ಯಾರ ತಲೆ ಹೋಗುತ್ತದೆ? ಗೊಂಬೆ ಗಾಜಿನೊಳಗೆ ಇರಲಿ, ಸಾಕು. ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ನೇತ್ರಾವತಿ ‘ಸರಿ ಸಾರ್’ ಅಂದಳು. ಆಟವೇ ಇಲ್ಲದ ಮೇಲೆ ‘ಆಡುವ ಗೊಂಬೆಗಳು’ ಎಂಬ ಹೆಸರು ಹೊಂದುವುದಿಲ್ಲವೆಂದು ‘ಆಟ ಮುಗಿಸಿದ ಗೊಂಬೆಗಳು’ ಎಂದು ಬದಲಿಸಿದಳು. ಹೆಸರು ಎಷ್ಟು ಚೆನ್ನಾಗಿ ಬಂತು ಎಂದು ಒಳಗೊಳಗೇ ಬೀಗಿದಳು ಕೂಡ. ಕಾಟಪ್ಪಜ್ಜನಿಗೆ ಮಾತ್ರ ಹೇಳಲಿಲ್ಲ. ಎದುರಿಗೆ ಕೂತು ಹೇಳೋಣ, ನಾಳೆ ಹೇಳೋಣ ಎಂದು ಎರಡು ವಾರ ದೂಡಿದಳು. ಹೇಳಲು ಧೈರ್ಯವಿರಲಿಲ್ಲ ಅನ್ನುವುದೇ ನಿಜ. ಅಷ್ಟರಲ್ಲಿ ಕರಪತ್ರ ಅಚ್ಚಾಗಿ, ಸಂಗ್ರಹಾಲಯದ ವಾಟ್ಸಾಪ್ ಪಟ್ಟಿಯಲ್ಲಿದ್ದ ಎಲ್ಲರಿಗೂ ಬುಧವಾರ ಸಂಜೆ ಹೋಯಿತು. ಆ ಪಟ್ಟಿಯಲ್ಲಿ ಅಜ್ಜನ ಸೊಸೆ ಚಿತ್ತಮ್ಮನ ನಂಬರೂ ಇತ್ತು. ಗೊಂಬೆಗಳು ಇನ್ನೂ ಅಜ್ಜನ ಮನೆಯಲ್ಲೇ ಇದ್ದವು, ಶುಕ್ರವಾರ ತರುವುದಿತ್ತು.

ಮೊಳೆ ಗೋಡೆಯೊಳಗೆ ಅರ್ಧ ಹೋಗಿದ್ದಾಗ ಚಿತ್ತಮ್ಮನ ಫೋನು ಬಂತು.

“ಅಕ್ಕಾ, ಎಲ್ಲಿದೀರಿ? ಜಲ್ದಿ ಬರ್ರಿ. ಮಾವ ಗೊಂಬೆ ಪೆಟ್ಟಿಗೆ ತೆಪ್ಪದಾಗೆ ಇಟ್ಕಂಡು ಕುಂತವ್ರೆ. ನೀರಿಗೆ ಬಿಡ್ತೀನಿ ಅಂತವ್ರೆ.”

“ನೀರಿಗಾ? ಯಾಕೆ ಚಿತ್ತಮ್ಮ?”

“ನೀವೇ ಕಳ್ಸಿದ್ರಲ್ಲ ಕಾಗ್ದ. ನನ್ ಮಗಳು ಓದಿ ಹೇಳಿದ್ಲು. ಆಟ ಮುಗಿಸಿದ ಗೊಂಬೆ ಅಂತ ಬರ್ದೀರಂತೆ. ಭಾನುವಾರದ ಆಟಾನೂ ಅದ್ರಾಗೆ ಇಲ್ವಂತೆ. ಮಾವ ಊಟನೇ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕ್ಕಂಡು ಹೊಂಟ್ರು. ನಾನು ತೆಪ್ಪದ ಹಗ್ಗ ಹಿಡ್ಕಂಡು ನಿಂತಿದೀನಿ. ನೀವು ಬರಾಗಂಟ ಬಿಡಲ್ಲ ಅಕ್ಕ.”

ನೇತ್ರಾವತಿ ಸುತ್ತಿಗೆ ಹಿಡಿದೇ ಸ್ಟೂಲಿನಿಂದ ಇಳಿದಳು. ಗೊತ್ತಿಲ್ಲದ ಪದ್ಧತಿಯಾಗಿದ್ದರೆ ಅಷ್ಟಾದರೂ ಸಮಾಧಾನ ಇರುತ್ತಿತ್ತು. ಗೋಡೆಗೆ ಅಂಟಿಸಲೆಂದು ಅವಳೇ ಬರೆದ ನಾಲ್ಕನೆಯ ಚೀಟಿ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು. ‘ಆಡಲಾರದ ಗೊಂಬೆಯನ್ನು ಈ ಮನೆತನದವರು ಮಾರುವುದಿಲ್ಲ, ಬಿಸಾಡುವುದಿಲ್ಲ, ಪೆಟ್ಟಿಗೆಯಲ್ಲೂ ಇಡುವುದಿಲ್ಲ. ಅರಿಶಿನ ಕುಂಕುಮವಿಟ್ಟು, ಮೊಸರನ್ನದ ಎಡೆ ತೋರಿಸಿ, ನೀರಿಗೆ ಬಿಡುತ್ತಾರೆ. ಆಟ ಮುಗಿದ ಗೊಂಬೆ ಎಂದರೆ ಅವರಿಗೆ ತೀರಿಕೊಂಡ ಜೀವ.’ ಡಿಸೆಂಬರ್‌ನಲ್ಲಿ ಗೊಂಬೆ ನೋಡಲು ಹೋದಾಗ ಕಾಟಪ್ಪಜ್ಜನೇ ಹೇಳಿ ಬರೆಸಿದ ಮಾತು ಅದು. ಅದನ್ನು ಬರೆದುಕೊಂಡ ಕೈಯೇ ಈಗ ಅವನ ಮನೆಗೆ ಸಾವಿನ ಸುದ್ದಿಯನ್ನು ಅಚ್ಚು ಹಾಕಿಸಿ ಕಳಿಸಿತ್ತು.

ಸಂಗ್ರಹಾಲಯಕ್ಕೆ ಗಾಡಿಯೆಂಬುದಿಲ್ಲ. ಅಟೆಂಡರ್ ಪರಮೇಶನ ಹಳೆಯ ಓಮ್ನಿಯೇ ಗತಿ. ಹಿರಿಯೂರಿನ ಹೈವೇಗೆ ಬಿದ್ದಾಗಿನಿಂದ ಅವಳು ಕುಲಸಚಿವರಿಗೆ ಮೂರು ಸಲ ಫೋನು ಮಾಡಿದಳು. ಒಂದೇ ಒಂದು ಭಾನುವಾರ ಸಾರ್, ಎಣ್ಣೆದೀಪ ಬೇಡ, ಬಲ್ಬು ಹಾಕೋಣ, ಗೇಟು ನಾನೇ ಕಾಯ್ತೀನಿ ಸಾರ್ ಎಂದು ಬಾಯಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಮೂರು ಸಲವೂ ಅವರು ಎತ್ತಲಿಲ್ಲ.

“ಇನ್ನೂ ಸ್ವಲ್ಪ ಜೋರಾಗಿ ಹೋಗು ಪರಮೇಶ್.”

“ಇದಕ್ಕಿಂತ ಜೋರಂದ್ರೆ ಬಾಗ್ಲು ಕಳಚ್ಕಂಡು ಬೀಳ್ತವೆ ಮೇಡಂ,” ಅಂದ ಪರಮೇಶ್. ಗೇರು ಬದಲಿಸಿ ಮತ್ತೆ ಅಂದ, “ಆಡ್ತವೆ ಅಂದ್ಬಿಡ್ರಿ ಅತ್ಲಾಗೆ. ಮೊದ್ಲು ಪೆಟ್ಟಿಗೆ ಗಾಡಿಗೆ ಹತ್ಲಿ. ಉಳಿದಿದ್ದು ಆಮ್ಯಾಕೆ ನೋಡ್ಕಳಾಣ.”

“ಒಂದ್ಸಲ ಹಂಗೇ ಅಂದಿದೀನಲ್ಲಪ್ಪ,” ಅಂದಳು ನೇತ್ರಾವತಿ.

ಡಿಸೆಂಬರ್‌ನಲ್ಲಿ ಅಜ್ಜ ಕೇಳಿದ್ದ, ‘ಅಲ್ಲಿ ಇವು ಆಡ್ತವೆ ತಾನೇ?’ ಎಂದು. ‘ಆಡ್ತವೆ ಅಜ್ಜ’ ಅಂದಿದ್ದಳು. ಆವತ್ತು ಅದು ಸುಳ್ಳಾಗಿರಲಿಲ್ಲ. ಕೆಂಪು ಪೆನ್ನು ಬಿದ್ದ ದಿನ ಸುಳ್ಳಾಯಿತು, ಅವಳು ಬಾಯಿ ಮುಚ್ಚಿಕೊಂಡಿದ್ದರಿಂದ ಸುಳ್ಳಾಗಿಯೇ ಉಳಿಯಿತು. ಈಗ ಶನಿವಾರ ಗೋಡೆಯ ಮೇಲೆ ಬರೀ ಮೊಳೆ ಇರುತ್ತವೆ. ಸೋಮವಾರ ಮೂಟೆಗಳು ಒಳಗೆ ಬರುತ್ತವೆ. ಜುಲೈಯ ಮಕ್ಕಳ ಚಿತ್ರವಿಲ್ಲ, ಆಗಸ್ಟಿನ ಕಂಬಳಿಯಿಲ್ಲ, ಅವಳ ಕಾಗದ ಹೊಸದಾಗುವ ಮಾತಂತೂ ಇಲ್ಲವೇ ಇಲ್ಲ. ಇಷ್ಟರ ನಡುವೆಯೂ ತನ್ನ ಕೆಲಸದ್ದೇ ಚಿಂತೆ ಬಂತಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಅಸಹ್ಯವಾದರೂ ಚಿಂತೆ ಹೋಗಲಿಲ್ಲ.

ಮಾರಿಕಣಿವೆಯ ಅಣೆಕಟ್ಟೆಯನ್ನು ದಾಟಿ, ಮೀನು ಹಿಡಿಯುವವರ ಮನೆಗಳ ಹಿಂದಿನ ಇಳಿಜಾರಿನಲ್ಲಿ ಪರಮೇಶ್ ಗಾಡಿ ನಿಲ್ಲಿಸಿದ. ಚಿತ್ತಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹಗ್ಗವನ್ನು ಎರಡು ಸುತ್ತು ಅಂಗೈಗೆ ಸುತ್ತಿಕೊಂಡಿದ್ದಳು. ಹಗ್ಗದ ಆಚೆ ತುದಿಯ ತೆಪ್ಪದಲ್ಲಿ ಕಾಟಪ್ಪಜ್ಜ ಒದ್ದೆ ತಲೆಯಲ್ಲಿ, ಒಗೆದ ಪಂಚೆಯುಟ್ಟು ಕೂತಿದ್ದ. ಮುಂದೆ ಮರದ ಪೆಟ್ಟಿಗೆ, ಪಕ್ಕದಲ್ಲಿ ಎಲೆಯ ಮೇಲೆ ಮೊಸರನ್ನ. ಹುಟ್ಟು ಅವನ ತೊಡೆಯ ಮೇಲಿತ್ತು. ಸೊಸೆಯ ಕೈಯಿಂದ ಹಗ್ಗ ಕಿತ್ತುಕೊಳ್ಳುವ ಮನುಷ್ಯ ಅವನಲ್ಲ, ಹಾಗಾಗಿ ಕಾಯುತ್ತಿದ್ದ.

ಪೆಟ್ಟಿಗೆ ಮುಚ್ಚಿಯೇ ಇತ್ತು, ಮೂವತ್ತೆರಡೂ ಇನ್ನೂ ಅದರಲ್ಲೇ ಇದ್ದವು. ನೇತ್ರಾವತಿಗೆ ಉಸಿರು ಬಂತು.

“ಅಜ್ಜ, ಇಳಿ ಅಜ್ಜ. ತಪ್ಪಾಯ್ತು. ಹೆಸ್ರು ತಪ್ಪಾಗಿ ಇಟ್ಬಿಟ್ಟೆ.”

ಕಾಟಪ್ಪಜ್ಜ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಹೆಸ್ರಿನ ಮಾತಲ್ಲವ್ವ. ಇವು ಆಡಿ ಒಂಬತ್ತು ವರ್ಷ ಆತು. ಯಾರೂ ಕರೀಲಿಲ್ಲ, ಪೆಟ್ಟಿಗ್ಯಾಗೆ ಮಲಗಿದ್ವು. ಮಲಗೋದು ಬ್ಯಾರೆ, ಸಾಯೋದು ಬ್ಯಾರೆ. ನೀನು ಬಂದು ಆಡ್ತವೆ ಅಂದೆ. ಸೋಮವಾರ ಕಾಯಿ ಒಡ್ದು ಪೆಟ್ಟಿಗೆ ತೆಗ್ದೆ. ಧೂಳು ಒರೆಸ್ದೆ, ಕಳಚಿದ ಕೈಕಾಲಿಗೆ ದಾರ ಕಟ್ಟಿದೆ. ಆಟಕ್ಕೆ ಅಂತ ಎಬ್ಬಿಸಿದ್ಮ್ಯಾಲೆ ಆಟ ಇಲ್ಲ ಅಂದ್ರೆ ಮತ್ತೆ ಹೆಂಗೆ ಮಲಗಿಸ್ಲಿ?”

“ಗಾಜಿನೊಳಗೆ ಚೆನ್ನಾಗಿರ್ತವೆ ಅಜ್ಜ. ಹುಳ ಹಿಡಿಯಲ್ಲ, ಇನ್ನೂ ನೂರು ವರ್ಷ ಇರ್ತವೆ. ಜನ ಬಂದು ನೋಡ್ತಾರೆ.”

“ಹೆಣಾನೂ ಜನ ಬಂದು ನೋಡ್ತಾರವ್ವ.”

ಚಿತ್ತಮ್ಮ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಂಡು ಇವಳ ಮುಖವನ್ನೇ ನೋಡಿದಳು. ಅಜ್ಜ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಮುಂದಕ್ಕೆ ಬಾಗಿದ.

“ಒಂದೇ ಮಾತು ಕೇಳ್ತೀನಿ. ಭಾನುವಾರ ಇವು ಆಡ್ತವಾ? ಹೂಂ ಅಂದ್ರೆ ಈಗ್ಲೇ ಇಳೀತೀನಿ. ಕೈ ನಡುಗ್ತವೆ ನಂದು. ಆದ್ರೂ ಒಂದಾಟ ಆಡಿಸ್ತೀನಿ. ಆಮ್ಯಾಕೆ ನಿನ್ ಗಾಜಿನಾಗೆ ಮಲಗಿಸ್ಕ ಬೇಕಾರೆ. ಹೇಳು ತಾಯಿ.”

ಎಷ್ಟು ಸಣ್ಣದನ್ನು ಕೇಳಿದ ಅಜ್ಜ! ನೇತ್ರಾವತಿಗೆ ಅಳು ಬಂತು, ಜೊತೆಗೆ ಎಂದೂ ಇಲ್ಲದ ಒಂದು ಧೈರ್ಯವೂ ಬಂತು. ಮೂಟೆಗಳನ್ನು ತಾನೇ ಎತ್ತಿ ಆಚೆ ಹಾಕಿದರಾಯಿತು. ಗೇಟಿಗೆ ಬೀಗ ಹಾಕಿದರೆ ಗೇಟಿನ ಹೊರಗೆ ರಸ್ತೆಯಲ್ಲಿ ಪರದೆ ಕಟ್ಟಿದರಾಯಿತು. ಕೆಲಸ ಹೋದರೆ ಹೋಗಲಿ. ಅವಳು ಬಾಯಿ ತೆರೆದಳು. ಹೂಂ ಅನ್ನುವುದಕ್ಕೇ ತೆರೆದಳು. ಮುಂದೆ ಅದನ್ನು ಯಾರೂ ನಂಬಲಿಲ್ಲ, ಆದರೆ ನಿಜ.

ಆಗ ಫೋನು ಹೊಡೆದುಕೊಂಡಿತು. ಕುಲಸಚಿವರು.

ಅವಳ ಕೈ ತಾನಾಗಿಯೇ ಎದ್ದಿತು. ಆರು ವರ್ಷ ಪಳಗಿದ ಕೈ ಅದು, ಅವಳನ್ನು ಕೇಳಿ ಏಳುವಂಥದ್ದಲ್ಲ. ಇವರೇ ಒಪ್ಪಿಬಿಟ್ಟರೆ ಸುಳ್ಳೂ ಇಲ್ಲ, ಜಗಳವೂ ಇಲ್ಲ ಎಂಬ ದುರಾಸೆಯೂ ಅಷ್ಟರಲ್ಲೇ ಮೂಡಿತು. ಒಂದು ಬೆರಳನ್ನು ಅಜ್ಜನ ಕಡೆ ಎತ್ತಿ, “ಒಂದ್ನಿಮಿಷ ಅಜ್ಜ,” ಅಂದಳು. ನೀರಿಗೆ ಬೆನ್ನು ಹಾಕಿ, ಸಿಗ್ನಲ್ ಸಿಗಲೆಂದು ದಡದ ಮೇಲಕ್ಕೆ ನಾಲ್ಕು ಹೆಜ್ಜೆ ಬಂದಳು.

“ಸಾರ್.”

“ಏನಮ್ಮ, ಮೂರ್ ಮೂರ್ ಸಲ ಫೋನು? ನೋಡಿ, ವೇದಿಕೆ ಮೇಲೆ ಎಷ್ಟು ಕುರ್ಚಿ ಹಾಕಿಸ್ತಿದೀರಿ? ಕರಪತ್ರದಲ್ಲಿ ಸಿಂಡಿಕೇಟ್ ಸದಸ್ಯರ ಹೆಸರು ಕೆಳಗೆ ಬಂದಿದೆಯಂತೆ, ಬೇಜಾರು ಮಾಡ್ಕೊಂಡಿದಾರೆ.”

“ಸಾರ್, ಭಾನುವಾರದ ಆಟ ಒಂದು...”

“ಅದೆಲ್ಲ ಆಮೇಲೆ ನೋಡೋಣ. ಮೊದಲು ಕುರ್ಚಿ ಹೇಳಿ. ಹೂವಿನ ಗುಚ್ಛ ಬೇಡ, ಹಾರ ತರಿಸಿ. ಗೊಂಬೆ ಬಂದವಾ?”

“ಬರ್ತವೆ ಸಾರ್,” ಅಂದಳು ನೇತ್ರಾವತಿ. “ಆಯ್ತು ಸಾರ್. ಹಾರ ತರಿಸ್ತೀನಿ ಸಾರ್.”

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ತಿರುಗಿ ನೋಡಿದಾಗ ಚಿತ್ತಮ್ಮ ನಿಂತಲ್ಲೇ ನಿಂತಿದ್ದಳು. ಕೈ ಎರಡೂ ಖಾಲಿ. ಬಿಟ್ಟ ಹಗ್ಗ ನೀರಿನ ಮೇಲೆ ತೆಪ್ಪದ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಕಾಟಪ್ಪಜ್ಜ ಆಗಲೇ ಇಪ್ಪತ್ತು ಮಾರು ದೂರದಲ್ಲಿ ಹುಟ್ಟು ಹಾಕುತ್ತಿದ್ದ.

“ಅಜ್ಜ! ಹೂಂ! ಆಡ್ತವೆ ಅಜ್ಜ! ಭಾನುವಾರ ಆಡ್ತವೆ!”

ಚಪ್ಪಲಿಯನ್ನೂ ಬಿಡದೆ ನೀರಿಗೆ ನುಗ್ಗಿದಳು. ಫೋನು ದಡದಲ್ಲೇ ಬಿತ್ತು. ಸೊಂಟದವರೆಗೆ ಹೋದಳು, ಎದೆಯವರೆಗೆ ಹೋದಳು. ಈಜು ಬರುತ್ತಿರಲಿಲ್ಲ. ಕೆಳಗಿನ ಕೆಸರು ಕಾಲು ಹಿಡಿಯಿತು. ಪರಮೇಶ್ ಹಿಂದಿನಿಂದ ಬಂದು ತೋಳು ಹಿಡಿದು ಎಳೆಯದಿದ್ದರೆ ಅವಳೂ ಅಲ್ಲಿಗೇ ಹೋಗುತ್ತಿದ್ದಳೋ ಏನೋ. ಅಜ್ಜ ಒಮ್ಮೆ ತಿರುಗಿದ. ಬೈಯಲಿಲ್ಲ. ಊರಿಗೆ ಹೊರಟವರು ಬಸ್ಸಿನ ಕಿಟಕಿಯಿಂದ ಮಾಡುವಂತೆ ಕೈ ಎತ್ತಿ, ಸಾಕು ಹೋಗು ಅನ್ನುವಂತೆ ಆಡಿಸಿದ.

ಆಮೇಲೆ ಪೆಟ್ಟಿಗೆ ತೆರೆದ.

ಒಂದೊಂದನ್ನೂ ಎರಡು ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದ. ತೊಗಲಿನ ಕೆಂಪು, ಹಸಿರು ದಡದವರೆಗೂ ಕಾಣುತ್ತಿತ್ತು. ಅವನ ಮನೆಯಲ್ಲಿ ರಾಣಿಗೊಂಬೆಗೆ ದೊಡ್ಡಸೊಸೆ ಎಂದು ಹೆಸರು, ಕೋಡಂಗಿಗೆ ಅಳಿಯ ಎಂದು ಹೆಸರು. ಆ ಹೆಸರು ಹಿಡಿದು ಕೂಗುತ್ತಿದ್ದ, ಅನ್ನ ತೋರಿಸುತ್ತಿದ್ದ, ಮಲಗಿಸಿದಂತೆ ನೀರಿನ ಮೇಲೆ ಇಡುತ್ತಿದ್ದ. ನೇತ್ರಾವತಿಗೆ ಹೆಸರು ಬರುತ್ತಿರಲಿಲ್ಲ. ಅವಳು ಅವುಗಳಿಗೆ ನಂಬರು ಕೊಟ್ಟಿದ್ದಳು. ಒಂದು, ಎರಡು, ಏಳು, ಹದಿನಾಲ್ಕು ಎಂದು ಅವಳ ತುಟಿ ತಾನಾಗಿಯೇ ಅಲ್ಲಾಡಿತು. ಗೊಂಬೆಗಳು ಸ್ವಲ್ಪ ಹೊತ್ತು ಕೈಕಾಲು ಚಾಚಿ ತೇಲುತ್ತಿದ್ದವು, ಅಲೆ ಬಂದಾಗ ಒಂದಿಷ್ಟು ಆಡಿದಂತೆ ಕಾಣುತ್ತಿದ್ದವು, ಆಮೇಲೆ ನೆಂದು ಕಾಣದಾಗುತ್ತಿದ್ದವು. ದಡದ ಕಲ್ಲಿನ ಮೇಲೆ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಎರಡನೆಯ ರಿಂಗಾಯಿತು, ಹತ್ತನೆಯದೂ ಆಯಿತು.

ಮೂವತ್ತೆರಡು ಎಂದಾಗ ಅವಳು ಚಿತ್ತಮ್ಮನ ಕಡೆ ತಿರುಗಿದಳು. “ಯಾಕೆ ಬಿಟ್ಟೆ ಚಿತ್ತಮ್ಮ? ನಾನು ಹೂಂ ಅನ್ನೋಳೇ ಇದ್ದೆ.”

ಚಿತ್ತಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. ಹಗ್ಗದ ಸುತ್ತು ಚರ್ಮದೊಳಗೆ ಇಳಿದು ಕೆಂಪಗೆ ಬರೆ ಎದ್ದಿತ್ತು.

“ನೀವು ಬರಾಗಂಟ ಹಿಡ್ಕಂಡಿದ್ದೆ ಅಕ್ಕ,” ಅಂದಳು.